ಎಲ್ಲರೂ ಸೇರಿ ತೀರ್ಮಾನ ಮಾಡ್ತಾರಂತೆ!

ನಮ್ಮ ಮುಂಬಾಗಿಲು ನೋಡಿದವರು ಇದು ಪೇಂಟರ್ ಮನೆ ಎಂದರೆ ನಂಬುವುದಿಲ್ಲ. ಮೇಲೆ ಹಸಿರು, ನಡುವೆ ನೀಲಿ, ಕೆಳಗೆ ಕಂದು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ತಲಾ ಒಂದು ಬಣ್ಣ ಹಚ್ಚಿ ತೋರಿಸಿ, ಜಗಳವಾಡಿ, ಬಾಗಿಲನ್ನು ಹಾಗೇ ಬಿಟ್ಟು ವರ್ಷವಾಯಿತು. ಊರ ಗೋಡೆಗಳಿಗೆಲ್ಲ ಬಣ್ಣ ಬಳಿಯುವ ನಮ್ಮ ಯಜಮಾನರು, "ಮಕ್ಕಳೇ ಒಂದು ಬಣ್ಣ ಒಪ್ಕೊಳ್ಳಲಿ" ಎಂದು ಆರಾಮಾಗಿದ್ದಾರೆ.

ಇಂಥವರಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ಎದುರುಮನೆಯ ನರ್ಸಮ್ಮ ಬಂದು ಕೇಳಿದಳು:

"ಅಣ್ಣಾ, ನಿಮಗೆ ಪ್ರಜ್ಞೆ ಇಲ್ಲದಿದ್ರೆ ಚಿಕಿತ್ಸೆ ಬಗ್ಗೆ ನಿಮ್ಮ ಪರವಾಗಿ ಯಾರು ಹೇಳ್ಬೇಕು? ಒಬ್ಬರ ಹೆಸರು ಬರೆದಿಟ್ಟಿದ್ದೀರಾ?"

"ಬಿಡ್ತು ಅನ್ನಮ್ಮ! ಹಾಗೇನಾದ್ರೂ ಆದ್ರೆ ಎಲ್ಲರೂ ಸೇರಿ ತೀರ್ಮಾನ ಮಾಡ್ತಾರೆ. ಒಬ್ಬರ ಹೆಸರು ಬರೆದ್ರೆ ಉಳಿದವರು ಮುಖ ಊದಿಸ್ಕೋತಾರೆ."

ನನಗೆ ಮೈಯೆಲ್ಲ ಉರಿಯಿತು. "ಎಲ್ಲರೂ ಸೇರೀನಾ? ಒಂದು ಬಾಗಿಲಿನ ಬಣ್ಣ ಒಪ್ಪದವರು ನಿಮ್ಮ ಗುಂಡಿಗೆ ವಿಷಯ ಒಪ್ತಾರಾ? ನೀವು ಒಳಗೆ ಒದ್ದಾಡ್ತಿರ್ತೀರಿ, ಇವರು ಹೊರಗೆ ನಾನು ಹೇಳಿದ್ದೇ ಸರಿ ಅಂತ ಕಚ್ಚಾಡ್ತಿರ್ತಾರೆ!"

"ಆಯ್ತು ಮಾರಾಯ್ತಿ, ನಿನ್ನ ಹೆಸರೇ ಬರೀತೀನಿ. ಸುಮ್ನಿರು."

ನರ್ಸಮ್ಮ ನನ್ನತ್ತ ತಿರುಗಿದಳು. "ಅಕ್ಕಾ, ಇನ್ನು ಹುಷಾರಾಗೋ ಭರವಸೆ ಇಲ್ಲ, ಆದ್ರೂ ಉಸಿರಾಟದ ಮಷೀನ್‌ನಲ್ಲೇ ಇಡೋಣವಾ ಅಂತ ಡಾಕ್ಟರು ಕೇಳಿದ್ರೆ?"

"ಇಡಿ ಅಂತೀನಿ. ಎಷ್ಟು ದಿನ ಆದ್ರೂ ಸರಿ."

"ಅಣ್ಣ ಆಗಿದ್ರೆ ಏನಂತಿದ್ರು?"

ಯಜಮಾನರ ಸ್ವಂತ ಅಣ್ಣ ಹಾಗೆಯೇ ಮಷೀನಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ನೋಡಿಕೊಂಡು ಬಂದು, "ನನಗೆ ಮಾತ್ರ ಇದು ಬೇಡ ಕಣೇ" ಎಂದು ಇವರು ಅತ್ತದ್ದು ನನ್ನೆದುರಿಗೇ. ಗೊತ್ತಿದ್ದೂ ನನಗೆ ಬೇಕಾದದ್ದನ್ನು ಹೇಳಿದ್ದೆ.

ಸಂಜೆ ಮಕ್ಕಳು ಬಂದಾಗ ನರ್ಸಮ್ಮ ಅವರಿಗೂ ಅದನ್ನೇ ಕೇಳಿದಳು. ದೊಡ್ಡವನು, "ಇದಕ್ಕಿಂತ ದೊಡ್ಡ ಆಸ್ಪತ್ರೆಗೆ ಸೇರಿಸ್ತೀನಿ" ಎಂದ. ಚಿಕ್ಕವನು, "ಇವನು ಹೇಳಿದ್ದು ಬಿಟ್ಟು ಬೇರೆ ಏನಾದ್ರೂ ಮಾಡೋಣ" ಎಂದ. ನಾನು ಹಣೆ ಚಚ್ಚಿಕೊಂಡೆ.

ಬೆಳಗಾದರೆ ಅಪ್ಪನ ಜೊತೆ ಜಗಳಕ್ಕೆ ನಿಲ್ಲುವ ಮಗಳು ತಲೆ ತಗ್ಗಿಸಿ ಹೇಳಿದಳು: "ಗುಣ ಆಗೋ ಹಾಗಿದ್ರೆ ಏನು ಬೇಕಾದ್ರೂ ಮಾಡಿ, ಇಲ್ಲಾಂದ್ರೆ ನೋವಿಲ್ಲದ ಹಾಗೆ ನೋಡ್ಕೊಂಡು ಮನೇಲಿ ಇರೋಕೆ ಬಿಡಿ ಅಂತಾರೆ ಅಪ್ಪ. ನನಗಿಷ್ಟ ಇಲ್ಲ. ಆದ್ರೆ ಅಪ್ಪ ಹೇಳೋದು ಅದನ್ನೇ." ಹೇಳಿ ಅತ್ತುಬಿಟ್ಟಳು.

"ಇವಳ ಹೆಸರೇ ಬರೀತೀನಿ" ಎಂದರು ಯಜಮಾನರು.

"ನಾನು ದೊಡ್ಡವನು ಇರೋವಾಗ ಅವಳಾ?"

"ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ ಕಣೋ. ನನಗೆ ಮಾತು ನಿಂತಾಗ ನನ್ನ ಮಾತೇ ಆಡೋರು ಬೇಕು."

"ಅಣ್ಣನಿಗೆ ಬುದ್ಧಿ, ಮಾತು ನೆಟ್ಟಗಿರೋವರೆಗೆ ತೀರ್ಮಾನ ಅವರದೇ" ಎಂದಳು ನರ್ಸಮ್ಮ. "ಮನಸ್ಸು ಬದಲಾದ್ರೆ ಹೆಸರನ್ನೂ ಬದಲಾಯಿಸಬಹುದು."

ನನ್ನನ್ನು ಬಿಟ್ಟರಲ್ಲ ಎಂದು ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ? ಆದರೆ ಆ ಪ್ರಶ್ನೆಗೆ ನಾನು ಉತ್ತರ ಕೊಡಬೇಕಿಲ್ಲವಲ್ಲ ಎಂದು ಎದೆ ಹಗುರವೂ ಆಯಿತು. ಆಪರೇಷನ್ ಮುಗಿಸಿಕೊಂಡು ಯಜಮಾನರು ಮನೆಗೆ ಬಂದಿದ್ದಾರೆ. ಮಗಳ ಜೊತೆ ಜಗಳ ಮತ್ತೆ ಶುರುವಾಗಿದೆ.

ಅಕ್ಕಂದಿರೇ, ಅಣ್ಣಂದಿರೇ, "ಎಲ್ಲರೂ ಸೇರಿ ಮಾಡ್ತಾರೆ" ಎಂದು ನೀವೂ ಕೈ ತೊಳೆದುಕೊಳ್ಳಬೇಡಿ. ತಮಗೆ ಬೇಕಾದದ್ದನ್ನಲ್ಲ, ನಿಮಗೆ ಬೇಕಾದದ್ದನ್ನು ಹೇಳಬಲ್ಲ ಒಬ್ಬರನ್ನು ಆರಿಸಿ. ಅವರನ್ನು ಕೂರಿಸಿಕೊಂಡು ಮನಸ್ಸು ಬಿಚ್ಚಿ ಮಾತಾಡಿ. ನಿಮ್ಮಲ್ಲಿಯ ನಿಯಮವನ್ನು ಆಸ್ಪತ್ರೆಯಲ್ಲೋ ವಕೀಲರಲ್ಲೋ ಕೇಳಿ, ಸಾಕ್ಷಿಗಳ ಎದುರು ಬರೆದು, ಡಾಕ್ಟರಿಗೂ ಮನೆಯವರಿಗೂ ತಿಳಿಸಿ. ನಮ್ಮ ಬಾಗಿಲು ಇನ್ನೂ ಹಾಗೇ ಇದೆ, ಇನ್ನೊಂದು ವರ್ಷ ಬೇಕಾದರೂ ಕಾಯುತ್ತದೆ. ಉಸಿರು ಕಾಯುವುದಿಲ್ಲ.