ಕಳಮನಾದ ಕೆಂಪು

ನಿವೃತ್ತನಾದ ಮೇಲೆ ದಿನವಿಡೀ ಚಿತ್ರ ಬಿಡಿಸುತ್ತೇನೆ ಎಂದು ಉಮಾಕಾಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿಟ್ಟಿದ್ದ. ಗದಗಿನಿಂದ ರೈಲ್ವೆ ನೌಕರಿಗೆಂದು ನಾಗಪುರಕ್ಕೆ ಬಂದವನು ಅವನು. ಕಚೇರಿಯಲ್ಲಿ ಸೇತುವೆಗಳ ನಕ್ಷೆ ಎಳೆಯುತ್ತ, ರವಿವಾರ ಬಣ್ಣ ಹಿಡಿದು ಕೂರುತ್ತ, ಊರಿನ ಕನ್ನಡದವರ ನಡುವೆ ಚಿತ್ರಗಾರನೆಂದು ಹೆಸರಾಗಿದ್ದ. ಯುಗಾದಿಗೆ ಕನ್ನಡ ಸಂಘದವರು ನಡೆಸುವ ಪ್ರದರ್ಶನದಲ್ಲಿ ಬಾಗಿಲಿಗೆ ಎದುರಾದ ಗೋಡೆ ಯಾವಾಗಲೂ ಅವನದೇ. ಆದರೆ ನೌಕರಿ ಮುಗಿದು, ಪ್ರತಾಪ ನಗರದ ಮನೆಯ ಮಹಡಿ ಕೋಣೆ ಪೂರ್ತಿ ತನ್ನದಾದ ಮೇಲೆ ಕೈಯೇ ಓಡದಾಯಿತು. ಬೆಳಿಗ್ಗೆ ಹೋಗಿ ಕೂರುತ್ತಿದ್ದ. ಕೆರೆ, ಕೆರೆಯಾಚೆ ಸಂಜೆ, ಒಂದು ದೋಣಿ. ಅರ್ಧಕ್ಕೆ ಬರುವಷ್ಟರಲ್ಲಿ ಇದನ್ನು ಹಿಂದೆಯೇ ಬಿಡಿಸಿದ್ದೇನಲ್ಲ ಎನಿಸುತ್ತಿತ್ತು. ಬಿಳಿ ಬಣ್ಣ ಬಳಿದು ಮುಚ್ಚಿಬಿಡುತ್ತಿದ್ದ. ಹೀಗೇ ಎರಡು ವರ್ಷ ಹೋದವು.

ಅವನ ಹೆಂಡತಿ ಸುಲೋಚನಾ ಶಾಲೆಯೊಂದರಲ್ಲಿ ಗಣಿತ ಕಲಿಸಿ ಆಗಷ್ಟೇ ನಿವೃತ್ತಳಾಗಿದ್ದಳು. ಸಂಕ್ರಾಂತಿ ಕಳೆದ ಮೇಲೆ ವರ್ಷದ ಖಾರದಪುಡಿಗೆ ಮೆಣಸಿನಕಾಯಿ ತರಲು ನೆರೆಮನೆಯವರ ಜೊತೆ ಕಳಮನಾದ ಸಗಟು ಮಾರುಕಟ್ಟೆಗೆ ಹೋಗಿಬಂದಳು. ಕೆಲವು ದಿನ ಬಿಟ್ಟು ಉಮಾಕಾಂತ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಡಬ್ಬಿಗಳ ಪಕ್ಕದಲ್ಲಿ ಒಂದು ರಟ್ಟು ಒರಗಿ ನಿಂತಿತ್ತು. ಅದರ ಮೇಲೆ ಮೆಣಸಿನಕಾಯಿಯ ಕೆಂಪು ಗುಡ್ಡ. ಗುಡ್ಡದ ಬುಡದಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾಯಿ ಆರಿಸುತ್ತಿರುವ ಹೆಂಗಸರು. ಅವರಲ್ಲೊಬ್ಬಳಿಗೆ ಸೀನು ಬರುವುದರಲ್ಲಿತ್ತು. ಕೈಗಳು ಉದ್ದವಾಗಿದ್ದವು, ತಲೆಗಳು ಸಣ್ಣವು, ನೆರಳು ಎರಡು ಕಡೆ ಬಿದ್ದಿತ್ತು. ಆದರೂ ನೋಡುತ್ತ ನಿಂತವನ ಮೂಗಿಗೆ ಘಾಟು ಹತ್ತಿದಂತಾಯಿತು.

"ಇದನ್ನ ಯಾರು ತಗದಾರ?" ಎಂದು ಕೇಳಿದ.

"ನಾನ ರೀ. ನಿಮ್ಮ ಹಳೇ ಬಣ್ಣ ಒಣಗಿ ಹೊಂಟಿದ್ವು. ಹ್ಯಾಂಗೈತಿ?"

ಚೆನ್ನಾಗಿದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕೈಯ ಅಳತೆ ತಪ್ಪಿದೆ, ನೆರಳು ತಪ್ಪಿದೆ ಎಂದ. ಅವಳು ಬೇಸರಪಡದೆ ಕೇಳಿಸಿಕೊಂಡಳು. ಮಹಡಿ ಹತ್ತುವಾಗ ಅವನಿಗೆ ಅದೇ ಯೋಚನೆ. ನಲವತ್ತು ವರ್ಷ ಅವನ ಕುಂಚ ತೊಳೆದುಕೊಟ್ಟವಳು, ಒಂದು ಗೆರೆಯನ್ನೂ ಕಲಿಯದವಳು.

ಅಲ್ಲಿಂದ ಅವಳು ವಾರಕ್ಕೊಮ್ಮೆಯಾದರೂ ಕಳಮನಾಕ್ಕೆ ಹೋಗತೊಡಗಿದಳು. ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಹಾಡು ಗುನುಗುತ್ತ ಬಿಡಿಸುತ್ತಿದ್ದಳು. ಆ ಗುನುಗು ಮೆಟ್ಟಿಲೇರಿ ಅವನ ಕೋಣೆಗೆ ಬರುತ್ತಿತ್ತು. ಎರಡನೆಯ ಚಿತ್ರ ಅಷ್ಟಕ್ಕಷ್ಟೇ ಇತ್ತು. ಆ ದಿನ ಅವನು ಎರಡು ಭಕ್ಕರಿ ಹೆಚ್ಚು ತಿಂದ. ಮೂರನೆಯದು ಮೂಟೆ ಹೊತ್ತ ಹಮಾಲನ ಬೆನ್ನು. ಅದನ್ನು ನೋಡಿ ಅವನಿಗೆ ಮಧ್ಯಾಹ್ನದ ನಿದ್ದೆ ಬರಲಿಲ್ಲ. ತಾನು ಜೋಪಾನವಾಗಿ ತೆಗೆದಿಟ್ಟಿದ್ದ ವಿದೇಶಿ ಕೆಂಪು ಬಣ್ಣದ ಟ್ಯೂಬು ಖಾಲಿಯಾಗಿದ್ದು ಕಂಡಾಗ, ಬಣ್ಣ ಹೋಯಿತೆಂದು ಅವನಿಗೆ ಸಂಕಟವಾಗಲಿಲ್ಲ. ಅದನ್ನು ಖಾಲಿ ಮಾಡುವಂಥ ಕೆಲಸ ಅವಳಿಗೆ ಸಿಕ್ಕಿದೆ ಎಂಬುದೇ ಚುಚ್ಚಿತು.

ಮೊದಲಿನ ರಟ್ಟಿನ ಚಿತ್ರವನ್ನೇ ಅವಳು ದೊಡ್ಡ ಹಲಗೆಯ ಮೇಲೆ ಬಿಡಿಸಿ ಮುಗಿಸಿದ ವಾರ ಬಿಂದುಮಾಧವ ಬಂದ. ಮೈಸೂರಿನವನು, ಬ್ಯಾಂಕಿನಲ್ಲಿ ಅಧಿಕಾರಿ, ಸಂಘದ ಪ್ರದರ್ಶನದ ಜವಾಬ್ದಾರಿ ಅವನದು. ಈ ಸಲದ ಚಿತ್ರಗಳನ್ನು ನೋಡಿಕೊಂಡು ಹೋಗಲು ಬಂದಿದ್ದ. ಉಮಾಕಾಂತ ಮಹಡಿಗೆ ಕರೆದೊಯ್ಯುವ ಮೊದಲೇ ಅವನು ಹಜಾರದಲ್ಲಿ ಆ ಹಲಗೆಯ ಎದುರು ನಿಂತುಬಿಟ್ಟ. ಸುಲೋಚನಾ ಬಿಡಿಸಿದ್ದೆಂದು ಗೊತ್ತಾದ ಮೇಲೂ ಅಲ್ಲಿಂದ ಕದಲಲಿಲ್ಲ.

ಕೊನೆಗೆ, "ಎದುರು ಗೋಡೆಗೆ ಇದನ್ನೇ ಹಾಕೋಣ ಸಾರ್," ಎಂದ. "ನಿಮ್ಮದು ಯಾವುದಾದ್ರೂ ಮುಗಿದ್ರೆ ಪಕ್ಕದಲ್ಲಿ ಜಾಗ ಮಾಡ್ಕೊಡ್ತೀನಿ."

ಉಮಾಕಾಂತ ನಕ್ಕ. ಆಗಲಿ ಎಂದ. ಮಹಡಿಗೆ ಕರೆದೊಯ್ಯದೆ ಚಹಾ ಕೊಟ್ಟು ಕಳಿಸಿದ.

ಮರುದಿನ ಸುಲೋಚನಾ ಮನೀಶ್ ನಗರದಲ್ಲಿರುವ ಮಗಳು ಅಕ್ಷರಾಳ ಮನೆಗೆ ಊಟಕ್ಕೆ ಹೋದಳು. ಉಮಾಕಾಂತ ಒಲ್ಲೆನೆಂದು ಮನೆಯಲ್ಲೇ ಉಳಿದ. ಹಜಾರದಲ್ಲಿ ಆ ಹಲಗೆಯ ಎದುರು ಕುರ್ಚಿ ಹಾಕಿಕೊಂಡು ಕೂತ. ಅಷ್ಟು ಜನ ನೋಡುವ ಚಿತ್ರದಲ್ಲಿ ಅಳತೆ ತಪ್ಪಿರಬಾರದು, ಅವಳ ಒಳ್ಳೆಯದಕ್ಕೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಸಣ್ಣ ಕುಂಚ ತಂದು ಒಬ್ಬಳ ತೋಳನ್ನು ಮೊಟಕು ಮಾಡಿದ. ನೆರಳುಗಳನ್ನೆಲ್ಲ ಒಂದೇ ಕಡೆಗೆ ತಿರುಗಿಸಿದ. ಕೈ ಸರಾಗವಾಗಿ ಓಡಿತು. ಎರಡು ವರ್ಷದಲ್ಲಿ ಮೊದಲ ಬಾರಿ ಓಡುತ್ತಿದೆ ಎಂಬ ಖುಷಿಯಲ್ಲಿ ಗುಡ್ಡಕ್ಕೆ ಸಂಜೆಯ ಬೆಳಕು ಕೊಟ್ಟ. ಸೀನುವವಳ ಸೊಟ್ಟ ಮುಖವನ್ನು ನೆಟ್ಟಗೆ ಮಾಡಿದ.

ಆಮೇಲೆ ಹಿಂದೆ ಸರಿದು ನೋಡಿದ. ತಪ್ಪು ಒಂದೂ ಇರಲಿಲ್ಲ. ಹೆಂಗಸರು ಯಾರೋ ಕೂರಿಸಿದಂತೆ ಕೂತಿದ್ದರು, ಯಾರಿಗೂ ಸೀನು ಬರುತ್ತಿರಲಿಲ್ಲ. ಅದು ಅವನ ಕೆರೆಯ ಚಿತ್ರದಂತೆಯೇ ಇತ್ತು. ಮಹಡಿ ಕೋಣೆಯಲ್ಲಿ ಇಷ್ಟು ದಿನ ತಾನು ಮುಚ್ಚುತ್ತಿದ್ದುದು ಇದನ್ನೇ ಎಂದು ಅವನಿಗೆ ಗೊತ್ತಾಯಿತು. ಒದ್ದೆ ಬಟ್ಟೆ ತಂದು ಒರೆಸಿದ. ಬೇಗ ಒಣಗುವ ಬಣ್ಣ, ಆಗಲೇ ಹಿಡಿದುಬಿಟ್ಟಿತ್ತು. ಉಜ್ಜಿದಷ್ಟೂ ಕೆಳಗಿನದೂ ಕಿತ್ತುಬಂತು.

ಸುಲೋಚನಾ ಬಂದಾಗ ಅವನು ಬಟ್ಟೆ ಹಿಡಿದುಕೊಂಡೇ ನಿಂತಿದ್ದ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿದಳು.

"ಇದು ಈಗ ನಿಮ್ಮ ಚಿತ್ರ ಆತು," ಎಂದಳು. "ನಿಮ್ಮ ಹೆಸರ ಹಾಕಿಬಿಡ್ರಿ."

ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬಂದದ್ದು ಬೇರೆ. "ಹೊಟ್ಟಿಕಿಚ್ಚು, ಸುಲೂ. ತಡಕೊಳ್ಳಾಕ ಆಗಲಿಲ್ಲ ನನಗ."

"ಗೊತ್ತೈತಿ. ಅವತ್ತಿನಿಂದ ನೋಡಾಕತ್ತೀನಿ. ನನಗ ಬೈದಿದ್ರ ನಡೀತಿತ್ತು. ಆ ಹೆಣ್ಮಕ್ಕಳಿಗೆ ಯಾಕ ಕೈ ಹಚ್ಚಿದ್ರಿ?"

ಆಮೇಲೆ ಕೆಲವು ದಿನ ಅವಳು ಅಡುಗೆ ಮಾಡಿಟ್ಟಳು, ಬಡಿಸಲಿಲ್ಲ, ಮಾತೂ ಅಷ್ಟಕ್ಕಷ್ಟೇ. ಒಂದು ಬೆಳಿಗ್ಗೆ ಚೀಲದಲ್ಲಿ ಕಾಗದ, ಪೆನ್ಸಿಲ್ ತುಂಬಿಕೊಂಡು ಹೊರಟಳು. ತಾನೂ ಬರಲೇ ಎಂದು ಅವನು ಕೇಳಿದ. ಅವಳು ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆಟೋದಲ್ಲಿ ಒಂದು ಬದಿಗೆ ಸರಿದು ಕೂತಳು.

ಮಾರುಕಟ್ಟೆಯಲ್ಲಿ ಅವನಿಗೆ ಇನ್ನೊಂದು ಏಟು ಬಿತ್ತು. ಕಾಯಿ ಆರಿಸುವ ಹೆಂಗಸರೆಲ್ಲ ಅವಳನ್ನು ಮರಾಠಿಯಲ್ಲಿ ತಾಈ, ಅಂದರೆ ಅಕ್ಕಾ, ಎಂದು ಕರೆದು ಗೋಣಿ ಹಾಸಿ ಕೂರಿಸಿದರು. ಅವಳೂ ಅವರ ಮಕ್ಕಳ ಪರೀಕ್ಷೆಯ ವಿಚಾರ ಕೇಳಿದಳು. ಅವನನ್ನು ಯಾರೂ ಗಮನಿಸಲಿಲ್ಲ. ದೂರದಲ್ಲಿ ಮೂಟೆಯೊಂದರ ಮೇಲೆ ಕೂತ. ಘಾಟಿಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಅವನು ಅವಳನ್ನೇ ದಿಟ್ಟಿಸಿದ. ಬಿಡಿಸುವಾಗ ಅವಳು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಿದ್ದಳು. ಸೆರಗು ಧೂಳಿನಲ್ಲಿ ಬಿದ್ದರೂ ಎತ್ತಿಕೊಳ್ಳುತ್ತಿರಲಿಲ್ಲ. ತಪ್ಪಿದ ಗೆರೆಯನ್ನು ಅಳಿಸದೆ ಅದರ ಮೇಲೇ ಇನ್ನೊಂದು ಎಳೆಯುತ್ತಿದ್ದಳು. ಇಷ್ಟು ವರ್ಷ ಜೊತೆಗಿದ್ದರೂ ಅವಳನ್ನು ಇಷ್ಟು ಹಸಿವಿನಿಂದ ಅವನು ನೋಡಿರಲಿಲ್ಲ. ಅವಳಿಗೆ ಸಿಕ್ಕ ಆ ಸುಖ ತನಗೆ ಬೇಕಿತ್ತು. ಅವಳ ಕೈಯಿಂದ ಕಿತ್ತುಕೊಳ್ಳಬೇಕು ಎನ್ನುವಷ್ಟು ಬೇಕಿತ್ತು.

ಎದ್ದು ಹೋಗಿ ಅವಳ ಚೀಲದಿಂದ ಒಂದು ಹಾಳೆ, ಪೆನ್ಸಿಲ್ ತಂದು ಅವನು ಎಳೆಯತೊಡಗಿದ. ಕಣ್ಣೀರಿನಲ್ಲಿ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. ಅಳತೆ ನೋಡಲು ಆಗಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ. ಬಗ್ಗಿದ ಕತ್ತು, ಕಚ್ಚಿದ ನಾಲಿಗೆ, ಯಾರ ಹಂಗೂ ಇಲ್ಲದ ಆ ಬೆನ್ನು. ಹಮಾಲನೊಬ್ಬ ಏಳಿರೆಂದು ಹೇಳಿ ಅವನು ಕೂತಿದ್ದ ಮೂಟೆಯನ್ನು ಎತ್ತಿಕೊಂಡು ಹೋದ. ಅವನು ನಿಂತುಕೊಂಡೇ ಮುಗಿಸಿದ.

ಆಟೋದಲ್ಲಿ ಹಾಳೆಯನ್ನು ಅವಳ ಕೈಗಿಟ್ಟ. ಅವಳು ಬಹಳ ಹೊತ್ತು ನೋಡಿ, "ಸಿಟ್ಟಿನ್ಯಾಗ ತಗದೀರೇನು?" ಎಂದು ಕೇಳಿದಳು.

"ಸಿಟ್ಟಲ್ಲ, ಅದ ಹೊಟ್ಟಿಕಿಚ್ಚಿನ್ಯಾಗ."

"ಛಲೋ ಬಂದೈತಿ," ಎಂದಳು. ಅಂದು ಅವಳೇ ಬಡಿಸಿದಳು.

ಯುಗಾದಿಯ ಪ್ರದರ್ಶನಕ್ಕೆ ಅವಳು ಆ ಹೆಂಗಸರನ್ನು ಮತ್ತೊಮ್ಮೆ ಬಿಡಿಸಿಕೊಟ್ಟಳು. ಮೊದಲಿನಷ್ಟು ಬರಲಿಲ್ಲ ಎಂದು ಅವಳೇ ಹೇಳಿದಳು, ಅದು ನಿಜವೂ ಆಗಿತ್ತು. ಆ ನಷ್ಟ ಉಮಾಕಾಂತನದೇ ಕೆಲಸ. ಅದನ್ನು ತುಂಬಿಕೊಡಲು ಅವನಿಂದ ಆಗುವಂತಿರಲಿಲ್ಲ. ಆದರೂ ಜನ ಎದುರು ಗೋಡೆಯ ಮುಂದೆಯೇ ಗುಂಪುಗೂಡಿದರು. ಪಕ್ಕದಲ್ಲಿದ್ದ ಅವನ ಪೆನ್ಸಿಲ್ ಚಿತ್ರದ ಮುಂದೆ ಒಬ್ಬಿಬ್ಬರು ನಿಂತರು. ಹುಡುಗಿಯೊಬ್ಬಳು ಸುಲೋಚನಾಳ ಜೊತೆ ಫೋಟೊ ತೆಗೆಸಿಕೊಂಡಾಗ ಅವನ ಹೊಟ್ಟೆ ಮತ್ತೆ ಉರಿಯಿತು. ಅದು ಇನ್ನು ಹೋಗುವಂಥದ್ದಲ್ಲ ಎಂದು ಅವನಿಗೆ ಅನಿಸಿತು.

ಮಾರನೆಯ ಬೆಳಿಗ್ಗೆ ಅವಳು ಏಳುವ ಮೊದಲೇ ಅವನು ಮಹಡಿಗೆ ಹೋದ. ತಡಮಾಡಿದರೆ ಇದ್ದುದರಲ್ಲಿ ಒಳ್ಳೆಯ ಕುಂಚವನ್ನು ಅವಳು ಕೆಳಗೆ ಒಯ್ಯುತ್ತಾಳೆಂದು ಅದನ್ನು ಮೊದಲು ಎತ್ತಿಕೊಂಡ. ಕೆರೆಯ ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟು, ಹೊಸದೊಂದರ ಮೇಲೆ, ಮೂಟೆ ಎತ್ತಲು ತನ್ನನ್ನು ಎಬ್ಬಿಸಿದ ಆ ಹಮಾಲನ ಮುಖದಿಂದ ಶುರುಮಾಡಿದ.