ಎರಡು ಊರಿಗೆ ಒಂದು ಕೀಲಿ

ಹನ್ನೊಂದು ವರ್ಷ ಪೂರ್ಣಿಮಾ ಪ್ರತಿ ಬುಧವಾರ ಸಂಜೆ ಬೆಳಗಾವಿಯಿಂದ ಖಾನಾಪುರದ ಬಸ್ಸು ಹಿಡಿಯುತ್ತಿದ್ದಳು. ಕೈಚೀಲದ ಒಳಜೇಬಿನಲ್ಲಿ ಬೆರಳುದ್ದದ ಒಂದು ಕೀಲಿ ಇರುತ್ತಿತ್ತು. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಉಕ್ಕಿನ ಶೆಡ್ಡು, ಛಾವಣಿಗಳ ನಕ್ಷೆ ಬರೆಯುವ ಸಾಫ್ಟ್‌ವೇರ್ ತೆರೆಯುತ್ತಿತ್ತು. ಸೋಮವಾರದಿಂದ ಬುಧವಾರದವರೆಗೆ ಕೀಲಿ ಬೆಳಗಾವಿಯ ವಡಗಾವಿಯಲ್ಲಿ ಪೂರ್ಣಿಮಾಳ ಹತ್ತಿರ. ಗುರುವಾರದಿಂದ ಶನಿವಾರದವರೆಗೆ ಖಾನಾಪುರದಲ್ಲಿ ಮಾಯಾಳ ಹತ್ತಿರ.

ಇಬ್ಬರೂ ಮೊದಲು ಬೆಳಗಾವಿಯ ಕ್ಯಾಂಪ್ ಪ್ರದೇಶದ ಒಂದು ಇಂಜಿನಿಯರಿಂಗ್ ಆಫೀಸಿನಲ್ಲಿ ಎದುರುಬದುರು ಕೂತು ಕೆಲಸ ಮಾಡುತ್ತಿದ್ದವರು. ಮಾಲೀಕರು ವಯಸ್ಸಾಗಿ ಆಫೀಸು ಮುಚ್ಚಿದಾಗ ಅರ್ಧರ್ಧ ಹಣ ಹಾಕಿ ಒಂದು ಕಾಯಂ ಲೈಸೆನ್ಸ್ ಕೊಂಡರು. ಒಮ್ಮೆ ಕೊಂಡರೆ ಮುಗಿಯಿತು, ಮತ್ತೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ಎರಡು ಕೊಳ್ಳುವ ಶಕ್ತಿ ಇರಲಿಲ್ಲ. ಒಂದೇ ಸಾಕೆಂದು ವಾರವನ್ನು ಹಂಚಿಕೊಂಡರು.

ಬುಧವಾರ ಖಾನಾಪುರ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕೀಲಿ ಮಾಯಾಳ ಕೈಗೆ ಹೋಗುತ್ತಿತ್ತು. ಭಾನುವಾರ ಮಾಯಾ ಬೆಳಗಾವಿಗೆ ಬಂದು, ರವಿವಾರ ಪೇಟೆಯಲ್ಲಿ ಮನೆಯ ಸಂತೆ ಮುಗಿಸಿ, ಪೂರ್ಣಿಮಾಳ ಮಹಡಿ ಕೋಣೆಯಲ್ಲಿ ಊಟ ಮಾಡಿ ಅದನ್ನು ಕೊಟ್ಟು ಹೋಗುತ್ತಿದ್ದಳು. ಎರಡೂ ದಿನ ಒಬ್ಬರ ನಕ್ಷೆಯನ್ನು ಇನ್ನೊಬ್ಬರು ನೋಡುವುದು ರೂಢಿ. ಮಾಯಾಳ ಕಣ್ಣು ಚುರುಕು. ಕುರಿ ಕಾಯುತ್ತಿದ್ದ ಅಪ್ಪ ಹಿಂಡಿನಲ್ಲಿ ಒಂದು ಮರಿ ಕಡಿಮೆಯಾದರೂ ದೂರದಿಂದಲೇ ಹೇಳುತ್ತಿದ್ದನಂತೆ. ಆ ಕಣ್ಣು ತನಗೆ ಬಂದಿದೆ ಎಂದು ಅವಳು ನಗುತ್ತಿದ್ದಳು.

ಪೂರ್ಣಿಮಾ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಒಬ್ಬಳೇ. ಕೆಳಗೆ ಮನೆ ಮಾಲೀಕರ ನಾಲ್ಕು ಮಗ್ಗಗಳು ಬೆಳಗಿನಿಂದ ಸದ್ದು ಮಾಡುತ್ತಿದ್ದವು.

ಎರಡು ಸಾವಿರದ ಇಪ್ಪತ್ಮೂರರ ಮೊದಲಲ್ಲಿ ಬೆಳಗಾವಿಯ ಗಿರಾಕಿಗಳು ಹೊಸ ಆವೃತ್ತಿಯ ಫೈಲುಗಳನ್ನು ಕಳಿಸತೊಡಗಿದರು. ಹಳೆಯ ಸಾಫ್ಟ್‌ವೇರಿನಲ್ಲಿ ಅವು ತೆರೆಯಲಿಲ್ಲ. ಡೀಲರನ್ನು ಕೇಳಿದರೆ, ಕಾಯಂ ಲೈಸೆನ್ಸ್ ಮಾರುವುದು ನಿಂತಿದೆ, ಇನ್ನು ವರ್ಷವರ್ಷ ಬಾಡಿಗೆ ಕಟ್ಟಬೇಕು, ಒಬ್ಬರ ಹೆಸರಿಗೆ ಒಂದು, ಇನ್ನೊಬ್ಬರು ಬಳಸುವಂತಿಲ್ಲ ಎಂದ. ಹಳೆಯ ಕೀಲಿ ವಾಪಸು ಕೊಟ್ಟರೆ ಇಬ್ಬರಿಗೂ ಮೊದಲ ವರ್ಷ ರಿಯಾಯಿತಿ ಎಂದೂ ಹೇಳಿದ.

ಆ ಬುಧವಾರ ಕ್ಯಾಂಟೀನಿನಲ್ಲಿ ಮಾಯಾ ಚಹಾದ ಕಪ್ಪು ಮುಟ್ಟದೆ ಕೂತಿದ್ದಳು.

"ಅಕ್ಕಾ, ನನಗ ಹೊಸಾದು ಬ್ಯಾಡ್ರಿ. ಖಾನಾಪುರದಾಗ ಯಾರು ಹೊಸಾ ಫೈಲ್ ಕೇಳ್ತಾರ? ಕೀಲಿ ನನ್ನ ಹತ್ರ ಇರ್ಲಿ. ನೀವು ಬಾಡಿಗಿದು ತಗೋರಿ."

"ವಾಪಸ್ ಕೊಟ್ರ ಇಬ್ಬರಿಗೂ ರಿಯಾಯಿತಿ ಐತಿ, ಮಾಯಾ. ಹಳೇದು ಇನ್ನೆಷ್ಟ ದಿನ ನಡೀತದ? ಕೊಟ್ಟು ಬಿಡೂಣು."

ಮಾಯಾ ಚಹಾದ ಕಪ್ಪು ಪಕ್ಕಕ್ಕೆ ಸರಿಸಿದಳು. "ನೀವು ಹೇಳಿದ್ರ ಆತು ಬಿಡ್ರಿ" ಎಂದಳು.

ಕೀಲಿ ಡೀಲರನ ಟೇಬಲ್ಲು ಸೇರಿತು. ಇಬ್ಬರಿಗೂ ತಮ್ಮ ತಮ್ಮ ಹೆಸರಿನಲ್ಲಿ ಲಾಗಿನ್ ಬಂತು. ವಾರ ಹಂಚಿಕೊಳ್ಳುವ ತಾಪತ್ರಯ ಹೋಯಿತು, ಆರೂ ದಿನ ಕೆಲಸ ಮಾಡಬಹುದಾಯಿತು. ಮೊದಮೊದಲು ಬುಧವಾರ ಫೋನು ಮಾಡುತ್ತಿದ್ದರು. ಆಮೇಲೆ ಮೆಸೇಜು. ಆಮೇಲೆ ಹಬ್ಬಕ್ಕೊಂದು ಹೂವಿನ ಚಿತ್ರ. ಜಗಳವೇನೂ ಆಗಿರಲಿಲ್ಲ. ಆ ವರ್ಷದ ಜೂನ್ ತಿಂಗಳಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಟಿಕೆಟ್ಟಿಗೆ ದುಡ್ಡು ಬೇಡವಾದ ಹೊತ್ತಿಗೆ ಪೂರ್ಣಿಮಾಳಿಗೆ ಖಾನಾಪುರಕ್ಕೆ ಹೋಗುವ ಕಾರಣವೇ ಉಳಿದಿರಲಿಲ್ಲ.

ಕೆಲಸ ಹೆಚ್ಚಿತು, ಮಾತು ಕಡಿಮೆಯಾಯಿತು. ಕೆಲವು ದಿನ ಹಾಲು ತರುವ ಸಾವಂತ್ರವ್ವನಿಗೆ "ನಾಳೆ ಅರ್ಧ ಲೀಟರ್ ಸಾಕು" ಎಂದದ್ದೇ ಅವಳ ಇಡೀ ದಿನದ ಮಾತು. ಕರೆಂಟು ಹೋದಾಗ ಕೆಳಗಿನ ಮಗ್ಗಗಳು ಒಮ್ಮೆಲೇ ನಿಲ್ಲುತ್ತಿದ್ದವು. ಆಗ ಅವಳು ಸುಮ್ಮನೆ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದಳು. ಒಮ್ಮೆ ತನಗೆ ಗೊತ್ತಿದ್ದ ಸಂಗತಿಯನ್ನೇ ಕೇಳಲು ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ ಬಾಯಿಪಾಠದ ದನಿಯಲ್ಲಿ, "ಬೇರೆ ಏನಾದರೂ ಸಹಾಯ ಬೇಕೇ ಮೇಡಂ?" ಎಂದಳು. ಪೂರ್ಣಿಮಾ ಅವಳ ಊರು ಯಾವುದೆಂದು ಕೇಳುವಷ್ಟರಲ್ಲಿ ಲೈನು ಕಟ್ಟಾಯಿತು.

ಮರುವರ್ಷ ಬಾಡಿಗೆ ಅವಳ ಖಾತೆಯಿಂದ ತಾನಾಗಿಯೇ ಹೋಯಿತು. ಮಾಯಾಳದ್ದೂ ಹೋಗಿರುತ್ತದೆ ಎಂದುಕೊಂಡಳು.

ಅದಾಗಿ ವರ್ಷ ತುಂಬುತ್ತಿದ್ದಾಗ, ಒಂದು ಶುಕ್ರವಾರ ಬೆಳಿಗ್ಗೆ, ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಅವಳ ನಕ್ಷೆಯಂತೆ ಶೆಡ್ಡು ಕಟ್ಟುತ್ತಿದ್ದ ಬಂಡೆಪ್ಪನ ಫೋನು ಬಂತು.

"ಮೇಡಮ್ಮಾರ, ಕಂಬದ ಬುಡದ ಪ್ಲೇಟಿನ ತೂತು ನೆಲದಾಗಿನ ಬೋಲ್ಟಿಗೆ ಕೂಡವಲ್ಲವು. ನಾಕ ಕಂಬ ಮಲಗ್ಯಾವ, ಕ್ರೇನ್ ಸುಮ್ನ ನಿಂತೈತಿ. ಏನ್ ಮಾಡೂಣ್ರಿ?"

ಎರಡು ತಾಸು ಪರದೆಯನ್ನು ದಿಟ್ಟಿಸಿದರೂ ತಪ್ಪು ಅವಳ ಕಣ್ಣಿಗೆ ಬೀಳಲಿಲ್ಲ. ಮಾಯಾಳಿಗೆ ಮೂರು ಸಲ ಫೋನು ಮಾಡಿದಳು, ಎತ್ತಲಿಲ್ಲ. ಪ್ಲೇಟಿನದೊಂದು, ಬೋಲ್ಟಿನದೊಂದು ಎಂದು ಎರಡು ಹಾಳೆ ಪ್ರಿಂಟು ತೆಗೆದು, ಸುರುಳಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಳು.

ಖಾನಾಪುರದಲ್ಲಿ ಮಾಯಾಳ ಆಫೀಸಿದ್ದ ಕೋಣೆಗೆ ಈಗ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ಅಂಗಡಿಯವನು ತಲೆಯೆತ್ತಿ, "ಮಾಯಾತಾಯಿ? ಅವರು ಬಿಟ್ಟು ಹತ್ತು ತಿಂಗಳಾತಲ್ರಿ. ಹಂಚಿನ ಫ್ಯಾಕ್ಟರಿ ಆಫೀಸಿಗೆ ಹೋಗ್ತಾರ" ಎಂದ.

ಫ್ಯಾಕ್ಟರಿಯ ಗೇಟಿನಲ್ಲಿ ಹೇಳಿ ಕಳಿಸಿದ ಮೇಲೆ ಮಾಯಾ ಬಂದಳು. ಚಪ್ಪಲಿಯ ಮೇಲೆ ಕೆಂಪು ಧೂಳು, ಕೈಯಲ್ಲಿ ಲಾರಿ ಲೋಡಿನ ಚೀಟಿಗಳು.

"ಅಕ್ಕಾ! ಏನಾತ್ರಿ? ಆರಾಮ ಅದೀರಿಲ್ಲೋ?"

"ನೀ ಫೋನ್ ಎತ್ತಲಿಲ್ಲ."

"ಡ್ಯೂಟಿ ಮ್ಯಾಲೆ ಫೋನ್ ಒಳಗ ಇಡಬೇಕ್ರಿ."

"ಕೆಲಸಾ ಬಿಟ್ಟೀ. ನನಗೊಂದ ಮಾತು ಹೇಳಲಿಲ್ಲ."

ಮಾಯಾ ಚೀಟಿಗಳನ್ನು ಜೋಡಿಸುತ್ತ ನಿಂತಳು. "ಹೆಂಗ ಹೇಳ್ಲಿ? ಕೀಲಿ ಇದ್ದಾಗ ಮೂರು ತಿಂಗಳು ಕೆಲಸಾ ಬರಲಿಲ್ಲಂದ್ರ ಅದು ಸುಮ್ನ ಡ್ರಾವರಿನ್ಯಾಗ ಕುಂದರತಿತ್ತು. ಈ ಬಾಡಿಗಿ ಹಂಗಲ್ರಿ. ಕೆಲಸಾ ಇರ್ಲಿ ಬಿಡ್ಲಿ, ಅದು ಓಡತಿರತೈತಿ. ಇಲ್ಲೆ ಮಳಿಗಾಲದಾಗ ಯಾರು ಶೆಡ್ಡು ಕಟ್ಟತಾರ? ಒಂದ ವರ್ಷ ಕಟ್ಟಿದೆ. ಎರಡನೇದು ಆಗಲಿಲ್ಲ. ಮರುದಿನಾನ ನನ್ನ ಫೈಲ್ ನನಗ ತೆರೀಲಿಲ್ಲ ನೋಡ್ರಿ. ಹನ್ನೊಂದು ವರ್ಷದ್ದು."

"ಕೀಲಿ ವಾಪಸ್ ಕೊಡಸಿದಾಕಿ ನಾನು."

"ಹೂಂ" ಎಂದಳು ಮಾಯಾ.

"ನನ್ನ ಲಾಗಿನ್‌ದಾಗ ನೀನೂ..."

"ಬ್ಯಾಡ್ರಿ ಅಕ್ಕಾ. ಒಬ್ಬರು ಒಳಗ ಬಂದ್ರ ಇನ್ನೊಬ್ಬರನ್ನ ಹೊರಗ ಹಾಕತೈತಿ ಅದು. ಮತ್ತ ನನಗ ಇಲ್ಲೆ ಛಲೋ ಐತಿ. ತಿಂಗಳಾ ಪಗಾರ ಬರತೈತಿ. ಮಧ್ಯಾಹ್ನ ನಾಕ ಮಂದಿ ಕೂಡಿ ಉಣ್ತೀವಿ." ಅವಳ ನೋಟ ಸುರುಳಿಯ ಮೇಲೆ ಬಿತ್ತು. "ಅದೇನ್ ತಂದೀರಿ? ಕೊಡ್ರಿ ಇಲ್ಲೆ."

ವಾಚ್‌ಮನ್ನನ ಮೇಜಿನ ಮೇಲೆ ಹಾಳೆಗಳನ್ನು ಹರಡಿ, ಮೂಲೆಗೆ ಹಂಚಿನ ಚೂರು ಇಟ್ಟು, ಮಾಯಾ ಬಾಗಿ ನೋಡಿದಳು. ಅವಳ ಬೆರಳು ಗೆರೆಯಿಂದ ಗೆರೆಗೆ ಹೋಗುವುದನ್ನು ಪೂರ್ಣಿಮಾ ನೋಡುತ್ತಿದ್ದಳು. ಎರಡು ನಿಮಿಷವೂ ಆಗಿರಲಿಲ್ಲ.

"ಇಲ್ಲೆ ನೋಡ್ರಿ. ಈ ಹಾಳ್ಯಾಗ ತೂತಿನ ಅಳತಿ ಪ್ಲೇಟಿನ ಅಂಚಿನಿಂದ ಹಿಡದೀರಿ. ಅದ ಅಂಕಿ ಆ ಹಾಳ್ಯಾಗ ನಡುವಿನಿಂದ ಬರದೀರಿ. ಹೆಂಗ ಕೂಡಬೇಕು?"

ಪೂರ್ಣಿಮಾಳಿಗೆ ನಾಚಿಕೆಯಾಯಿತು. "ಯಾರೂ ನೋಡವರಿಲ್ಲ ನೋಡು ಈಗ" ಎಂದಳು.

ಒಳಗಿನಿಂದ ಹೆಂಗಸರ ದನಿ ಬಂತು: "ಏ ಮಾಯಾ, ಊಟಕ್ಕ ಬಾ, ರೊಟ್ಟಿ ಆರತಾವ!" ಮಾಯಾ ಹಾಳೆಗಳನ್ನು ಸುತ್ತಿ ಕೊಟ್ಟಳು.

"ಬುಧವಾರ ಬರ್ಲೇನು? ಸುಮ್ನ."

"ಬರ್ರಿ, ಅದಕ್ಕೇನು. ಲೋಡ್ ಇರದಿದ್ರ ಕುಂದರೂಣು." ಅಷ್ಟು ಹೇಳುವಷ್ಟರಲ್ಲಿ ಮಾಯಾ ಅರ್ಧ ತಿರುಗಿಯಾಗಿತ್ತು.

ಬಸ್‌ಸ್ಟ್ಯಾಂಡಿನಿಂದಲೇ ಪೂರ್ಣಿಮಾ ಬಂಡೆಪ್ಪನಿಗೆ ಸರಿಯಾದ ಅಳತೆ ಹೇಳಿದಳು. "ಪ್ಲೇಟ್ ಹೊಸಾವ ಆಗಬೇಕು. ಖರ್ಚು ನಂದು" ಎಂದಳು. ಅವನು "ಹಿಂಗ ಆಗಬಾರದಿತ್ತ ನೋಡ್ರಿ" ಎಂದು ಫೋನಿಟ್ಟ. ಸೋಮವಾರದ ಹೊತ್ತಿಗೆ ಕಂಬಗಳು ನಿಂತವು.

ಬುಧವಾರ ಅವಳು ಹೊರಟು ನಿಂತವಳು, ಇಷ್ಟು ಬೇಗ ಹೋದರೆ ಮಾಯಾ ಏನೆಂದುಕೊಳ್ಳುತ್ತಾಳೋ ಎಂದು ಬಾಗಿಲಲ್ಲೇ ಚಪ್ಪಲಿ ಬಿಚ್ಚಿದಳು. ಮುಂದಿನ ಬುಧವಾರ ಹೋದಳು. ಊಟದ ಹೊತ್ತಿಗೆ ಗೇಟು ತಲುಪಿದಾಗ ತಗಡಿನ ನೆರಳಲ್ಲಿ ನಾಲ್ವರು ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ಮಾಯಾ ಇರಲಿಲ್ಲ.

"ಆಕಿ ಇವತ್ತ ರಜಾ ಹಾಕ್ಯಾಳ್ರಿ" ಎಂದಳು ಅವರಲ್ಲಿ ಹಿರಿಯಳಾದ ನಿಂಗವ್ವ. "ಅತ್ತೀನ ಕರಕೊಂಡು ಬೆಳಗಾವಿ ದವಾಖಾನಿಗೆ ಹೋಗ್ಯಾಳ. ನೀವ್ಯಾರು?"

ತಾನಿರುವ ಬೆಳಗಾವಿಗೇ ಮಾಯಾ ಹೋಗಿದ್ದಾಳೆ, ತನಗೆ ಹೇಳಿಲ್ಲ ಎಂಬುದನ್ನು ಪೂರ್ಣಿಮಾ ನುಂಗಿಕೊಂಡಳು. "ಗೆಳತಿ. ಮೊದಲ ಕೂಡಿ ಕೆಲಸಾ ಮಾಡ್ತಿದ್ವಿ."

"ಹೌದಾ? ಆಕಿ ಏನೂ ಹೇಳಿಲ್ಲಲ್ಲ." ಹೇಳಿದ ಮೇಲೆ ನಿಂಗವ್ವ ಅವಳ ಮುಖ ನೋಡಿದಳು, ಪಕ್ಕಕ್ಕೆ ಸರಿದು ಕಲ್ಲುಹಾಸಿನ ಮೇಲೆ ಜಾಗ ಮಾಡಿದಳು. "ಹೇಳದಿದ್ರ ಏನಾತು, ಬರ್ರಿ, ಕುಂದರ್ರಿ. ಉಂಡ ಹೋಗ್ರಿ."

ಪೂರ್ಣಿಮಾ ಕೂತಳು. ಯಾರೋ ರೊಟ್ಟಿ ಕೊಟ್ಟರು, ಯಾರೋ ಅದರ ಮೇಲೆ ಶೇಂಗಾ ಚಟ್ನಿ ಹಾಕಿದರು. ಏನು ಕೆಲಸ ಎಂದು ಕೇಳಿದರು. ನಕ್ಷೆ ಬರೆಯುವುದು ಎಂದಳು.

"ಒಬ್ಬರೇ?"

"ಒಬ್ಬಾಕೀನ."

"ದಿನಾ ಒಬ್ಬರೇ ಕುಂತು ಬರಿಯೂದಂದ್ರ ಬ್ಯಾಸರಾಗಂಗಿಲ್ಲೇನ್ರಿ?"

ಪೂರ್ಣಿಮಾ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ.

"ಆಗತೈತ್ರಿ" ಎಂದಳು. "ಭಾಳ ಆಗತೈತಿ."

ನಿಂಗವ್ವ ನೀರಿನ ತಂಬಿಗೆಯನ್ನು ಅವಳತ್ತ ಸರಿಸಿದಳು.