ಹದಿಮೂರು ನಂಬರಿನ ಸ್ಪ್ಯಾನರ್

ಶಾಹಬಾಜನನ್ನು ನೋಡಿಕೊಂಡು ಬರಬೇಕು ಎಂದು ಓಂಕಾರೇಶ ಒಂಬತ್ತು ದಿನ ಅಂದುಕೊಂಡ, ಹೋಗಲಿಲ್ಲ. ಹತ್ತನೆಯ ದಿನ ಶಾಹಬಾಜನೇ ಫೋನ್ ಮಾಡಿದ.

"ಓಂಕಾರಣ್ಣ, ಪುರುಸೊತ್ತಿದ್ರೆ ತರೀಕೆರೆಗೆ ಬತ್ತೀರಾ? ಕಂಪನಿಗೊಂದು ಲೆಟರ್ ಬರೀಬೇಕು. ಬಲಗೈಗೆ ಕಟ್ಟು ಹಾಕವ್ರೆ, ಪೆನ್ ಹಿಡಿಯಕ್ಕಾಗಲ್ಲ. ನಿಮ್ ಅಕ್ಷರ ಚೆಂದ."

"ಬತ್ತೀನಪ್ಪಾ" ಎಂದ ಓಂಕಾರೇಶ.

ಅಜ್ಜಂಪುರದ ಓಂಕಾರೇಶ ಹನ್ನೊಂದು ವರ್ಷದಿಂದ ಕಡೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೆಕ್ನೀಷಿಯನ್. ಅಲ್ಲಿನ ಎಂ.ಆರ್.ಐ. ಯಂತ್ರ ನೋಡಿಕೊಳ್ಳಲು ಮೂರು ತಿಂಗಳಿಗೊಮ್ಮೆ ಕಂಪನಿಯ ಕಡೆಯಿಂದ ಬರುತ್ತಿದ್ದ ಎಂಜಿನಿಯರ್ ಶಾಹಬಾಜ್. ಆ ಯಂತ್ರದ ಹೊಟ್ಟೆಯಲ್ಲಿರುವುದು ಒಂದು ಭಾರಿ ಅಯಸ್ಕಾಂತ. ಕರೆಂಟು ಹೋದರೂ ಅದರ ಸೆಳೆತ ನಿಲ್ಲುವುದಿಲ್ಲ. ಹತ್ತಿರ ಬಂದ ಕಬ್ಬಿಣವನ್ನೆಲ್ಲ ಕೈಯಿಂದ ಕಿತ್ತುಕೊಳ್ಳುತ್ತದೆ. ಅದಕ್ಕೇ ಅದರ ರಿಪೇರಿಯ ಸಲಕರಣೆಗಳೆಲ್ಲ ಟೈಟೇನಿಯಂನವು; ಬೂದು ಬಣ್ಣ, ಕೈಯಲ್ಲಿ ಹಿಡಿದರೆ ಆಟದ ಸಾಮಾನಿನಷ್ಟು ಹಗುರ, ಅಯಸ್ಕಾಂತಕ್ಕೆ ಅವುಗಳ ಗೊಡವೆಯಿಲ್ಲ. ಒಟ್ಟು ಇಪ್ಪತ್ತೆರಡು. ಒಂದೊಂದಕ್ಕೂ ಅದರದೇ ಗುಳಿಯಿರುವ ಪೆಟ್ಟಿಗೆ. ಬೀಗದ ಕೈ ಓಂಕಾರೇಶನ ಹತ್ತಿರ. ಎಂಜಿನಿಯರ್ ಒಳಗೆ ಹೋಗುವ ಮೊದಲು ಓಂಕಾರೇಶ ಒಂದೊಂದನ್ನೂ ದಾರಕ್ಕೆ ಕಟ್ಟಿದ ಪುಟ್ಟ ಅಯಸ್ಕಾಂತಕ್ಕೆ ಹಿಡಿದು ನೋಡಿ, ಚೀಟಿಯಲ್ಲಿ ಗುರುತು ಹಾಕಿ, ಸಹಿ ಮಾಡಬೇಕು. ಅದು ಪದ್ಧತಿ.

ಹೋದ ತಿಂಗಳು ಆಯುಧಪೂಜೆ. ಅಜ್ಜಂಪುರದ ಮನೆಯಲ್ಲಿ ನೇಗಿಲಿನಿಂದ ಹಿಡಿದು ಕತ್ತರಿಯವರೆಗೆ ಎಲ್ಲವನ್ನೂ ತೊಳೆದು ವಿಭೂತಿ ಹಚ್ಚುವುದನ್ನು ನೋಡಿಕೊಂಡೇ ಬೆಳೆದವನು ಓಂಕಾರೇಶ. ಜನರೇಟರು ನೋಡಿಕೊಳ್ಳುವ ವೇಣು ತನ್ನ ಹಳೇ ಸ್ಪ್ಯಾನರುಗಳನ್ನು ತಂದು ಮುಂಗಟ್ಟಿನಲ್ಲಿ ಟವೆಲ್ ಹಾಸಿ ಸಾಲಾಗಿ ಜೋಡಿಸಿದಾಗ, ಆ ಇಪ್ಪತ್ತೆರಡು ಮಾತ್ರ ಪೂಜೆಯಿಲ್ಲದೆ ಕತ್ತಲಲ್ಲಿ ಕೂತಿವೆಯಲ್ಲ ಎಂದು ಅವನಿಗೆ ಸಂಕಟವಾಯಿತು. ಪೆಟ್ಟಿಗೆ ತೆಗೆಯಬಾರದು ಎಂಬುದು ಗೊತ್ತಿತ್ತು. ತೆಗೆದ. ಅದೇ ಟವೆಲಿನ ಮೇಲೆ ಇವನ್ನೂ ಇಟ್ಟು ವಿಭೂತಿ ಬಳಿದ. ಆರತಿ ಮುಗಿಯುವ ಹೊತ್ತಿಗೆ ದೇವನೂರಿನಿಂದ ಮಾತು ಬಿದ್ದುಹೋದ ಒಬ್ಬ ಮುದುಕರನ್ನು ಕಾರಿನಲ್ಲಿ ಕರೆತಂದರು. ಓಂಕಾರೇಶ ಅಳತೆ ನೋಡಿ ಬೇಗಬೇಗ ಗುಳಿಗೆ ತುಂಬಿ ಬೀಗ ಹಾಕಿ ಓಡಿದ. ಇಪ್ಪತ್ತೆರಡು ಗುಳಿಯೂ ತುಂಬಿದ್ದವು.

ಎರಡು ವಾರದ ಮೇಲೆ ಶಾಹಬಾಜ್ ಸರ್ವೀಸಿಗೆ ಬರುವ ದಿನ ಪೆಟ್ಟಿಗೆ ತೆಗೆದರೆ ಎಲ್ಲದರ ಮೇಲೂ ವಿಭೂತಿ! ಅವನು ಕಂಡರೆ ಏನೆಂದುಕೊಂಡಾನು ಎಂದು ಓಂಕಾರೇಶ ಒಂದೊಂದನ್ನೇ ಒರೆಸುತ್ತ ಕೂತ. ಒರೆಸುವುದರಲ್ಲೇ ಪರೀಕ್ಷೆಯ ಹೊತ್ತು ಕಳೆಯಿತು. ಬೈಕಿನ ಸದ್ದು ಕೇಳಿದಾಗ ಇಪ್ಪತ್ತೆರಡಕ್ಕೂ ಗುರುತು ಹಾಕಿ ಸಹಿ ಮಾಡಿಬಿಟ್ಟ.

ಹದಿಮೂರು ನಂಬರಿನ ಸ್ಪ್ಯಾನರು ವೇಣುವಿನದಾಗಿತ್ತು. ಉಕ್ಕಿನದು. ತುಂಬುವಾಗಿನ, ಒರೆಸುವಾಗಿನ ಗಡಿಬಿಡಿಯಲ್ಲಿ ಅದರ ತೂಕ ಓಂಕಾರೇಶನ ಗಮನಕ್ಕೆ ಬಂದಿರಲಿಲ್ಲ. ಅದು ಹಾರಿ ಯಂತ್ರದ ಬಾಯಿಗೆ ಅಂಟಿಕೊಂಡಾಗ ಶಾಹಬಾಜನ ಎರಡು ಬೆರಳು ಅದರಡಿ ಸಿಕ್ಕಿದ್ದವು.

ಇಷ್ಟೇ ಆಗಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು. ಶಾಹಬಾಜನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಓಂಕಾರೇಶ ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ವೇಣು ಊಟಕ್ಕೆ ಹೋಗಿದ್ದಾಗ ಅವನ ಪೆಟ್ಟಿಗೆ ತಡಕಿ, ಹಗುರವಾದ ಹದಿಮೂರನ್ನು ಹುಡುಕಿ ತಂದು ಅದರ ಗುಳಿಯಲ್ಲಿಟ್ಟ. ಮರುದಿನ ಕಂಪನಿಯವರು ಬಂದು ಎಣಿಸಿದರೆ ಇಪ್ಪತ್ತೆರಡೂ ಸರಿಯಾಗಿದ್ದವು. ಹಾಗಾದರೆ ಉಕ್ಕಿನದು ಎಲ್ಲಿಂದ ಬಂತು? ಎಂಜಿನಿಯರನ ಬೈಕಿನ ಚೀಲದಿಂದಲೇ ಇರಬೇಕು ಎಂದುಕೊಂಡರು.

ತರೀಕೆರೆಯಲ್ಲಿ ಶಾಹಬಾಜನ ತಾಯಿ ಹಜೀರಾಬಿ ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಓಂಕಾರಪ್ಪ, ಬಿಸ್ಲಲ್ಲಿ ಬಂದ್ರಿ. ಅಲ್ಲಿ ಬ್ಯಾಡ, ಗೋಡೆ ಕಡೆ ಕೂತ್ಕಳಿ. ನಿಮ್ಗೆ ಸೊಂಟ ನೋವಂತೆ, ಇವ್ನು ಹೇಳ್ತಿದ್ದ." ದಿಂಬೊಂದನ್ನು ತಂದು ಅವನ ಬೆನ್ನಿಗೆ ಕೊಟ್ಟು, ಮಗನ ಕಡೆಗಿದ್ದ ಟೇಬಲ್ ಫ್ಯಾನನ್ನು ಇವನ ಕಡೆಗೆ ತಿರುಗಿಸಿದರು.

ಆ ದಿಂಬಿಗೆ ಒರಗಲು ಓಂಕಾರೇಶನಿಗೆ ಆಗಲಿಲ್ಲ. ನೆಟ್ಟಗೆ ಕೂತ.

ಶಾಹಬಾಜ್ ಹಾಳೆ, ಪೆನ್ನು ಕೊಟ್ಟ. "ನಾಡಿದ್ದು ವಿಚಾರಣೆ. ತಪ್ಪು ಒಪ್ಕೊಂಡ್ರೆ ಕೆಲ್ಸದಿಂದ ತೆಗೆದ್ರೂ ಮರ್ಯಾದೆಯಾಗಿ ತೆಗೀತಾರೆ ಅಂತ ನಮ್ ಮ್ಯಾನೇಜರ್ ಹೇಳಿದ್ರು. ಬರ್ಕೊಳಿ ಅಣ್ಣ. ಪೆಟ್ಟಿಗೇಲಿ ಇಪ್ಪತ್ತೆರಡೂ ಇದ್ವು. ಆದ್ರಿಂದ ಉಕ್ಕಿನ ಸ್ಪ್ಯಾನರ್ ನನ್ನ ಬೈಕಿನ ಚೀಲದಿಂದಲೇ ಬಂದಿರಬೇಕು..."

"ಚೀಲದಿಂದ ತೆಗ್ದಿದ್ದು ನಿಂಗೆ ನೆನಪೈತಾ?"

"ಇಲ್ಲ. ಅದೇ ಭಯ ನಂಗೆ. ಏನ್ ಮಾಡಿದ್ರೂ ನೆನಪಾಗ್ತಿಲ್ಲ. ಮುಂದೆ ಇನ್ಯಾವ್ದೋ ಊರಲ್ಲಿ, ಒಳಗೆ ಪೇಷೆಂಟ್ ಮಲಗಿರುವಾಗ ಹಿಂಗೇ ಮರೆತ್ರೆ?"

"ಇವ್ನ ಮರೆವು ಇವತ್ತಿಂದಲ್ಲ ಕಣ್ರೀ" ಎಂದು ಹಜೀರಾಬಿ ಒಳಗಿನಿಂದ ಕೂಗಿದರು. "ಹೆಣ್ಣು ನೋಡಕ್ಕೆ ಹೋಗಿ ಚಪ್ಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಂದೋನು."

"ಅಮ್ಮೀ, ಸಾಕು!" ಶಾಹಬಾಜ್ ನಕ್ಕ. ಆಮೇಲೆ ದನಿ ತಗ್ಗಿಸಿದ. "ಕೈಗೆ ತಗೊಂಡಾಗ ತೂಕ ಅನಿಸ್ತು ಅಣ್ಣ. ಒಂದ್ ನಿಮಿಷ ನಿಂತೆ. ಆಮೇಲೆ, ಓಂಕಾರಣ್ಣ ನೋಡಿ ಸಹಿ ಹಾಕವ್ರೆ, ಇನ್ನೇನು ಅಂತ ಹೋದೆ. ಆ ಚೀಟಿ ಎಲ್ಲಿ ಹೋಯ್ತೋ. ಹೋಗ್ಲಿ ಬಿಡಿ ಅಂದೆ ಕಂಪನಿಯವ್ರಿಗೆ. ಸಿಕ್ಕಿದ್ರೆ ನಿಮ್ಮನ್ನೂ ಎಳೀತಿದ್ರು."

ಓಂಕಾರೇಶ ಒಂದೂವರೆ ಸಾಲು ಬರೆದಿದ್ದ. ಅಕ್ಷರ ಎಂದಿನಂತೆ ಚೆಂದವಾಗಿಯೇ ಬಂದಿತ್ತು. ಇದನ್ನು ಮುಗಿಸಿ ಬಸ್ಸು ಹತ್ತಿದರೆ ತನ್ನನ್ನು ಕೇಳುವವರು ಯಾರೂ ಇಲ್ಲ. ಈ ಹುಡುಗ ಮಾತ್ರ ಉಳಿದ ಜೀವಮಾನವೆಲ್ಲ ತನ್ನ ಕೈಯನ್ನು ತಾನೇ ನಂಬದೆ ಬದುಕುತ್ತಾನೆ. ಕೆಲಸ ಹೋಗುವುದಕ್ಕಿಂತ ಅದೇ ದೊಡ್ಡದಾಗಿ ಕಂಡಿತು.

ಪೆನ್ನು ಕೆಳಗಿಟ್ಟ.

"ನೀನು ಮರ್ತಿಲ್ಲ ಕಣಪ್ಪಾ. ಅದು ಪೆಟ್ಟಿಗೇಲೇ ಇತ್ತು. ಇಟ್ಟೋನು ನಾನು."

ಹಬ್ಬದಿಂದ ಹಿಡಿದು ವೇಣುವಿನ ಪೆಟ್ಟಿಗೆ ತಡಕಿದ್ದರವರೆಗೆ ಎಲ್ಲವನ್ನೂ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ. ಹಜೀರಾಬಿ ಟೀ ಲೋಟ ಹಿಡಿದುಕೊಂಡು ಅಡಿಗೆಮನೆಯ ಹೊಸ್ತಿಲಲ್ಲೇ ನಿಂತರು.

"ಹತ್ತು ದಿನ" ಎಂದ ಶಾಹಬಾಜ್. "ಹತ್ತು ದಿನ ರಾತ್ರಿ ಹಗಲು ಆ ಚೀಲದ ಬಗ್ಗೆನೇ ಯೋಚ್ನೆ ಮಾಡಿದೀನಿ ನಾನು. ಪೂಜೆ ಮಾಡಿದ್ರೆ ಮಾಡ್ಕೊಳಿ, ಯಾರ್ ಬ್ಯಾಡಂದ್ರು? ಸಹಿ ಯಾಕ್ರೀ ಹಾಕಿದ್ರಿ?"

ಅಣ್ಣ ಎನ್ನಲಿಲ್ಲ. ಎದ್ದು ಹೊರಗೆ ಹೋಗಿ ಬೈಕಿಗೆ ಒರಗಿ ನಿಂತ.

ಹಜೀರಾಬಿ ಟೀ ತಂದಿಟ್ಟರು. ಅವರ ಮುಖದಲ್ಲಿ ಮೊದಲಿನ ನಗು ಇರಲಿಲ್ಲ. ಆದರೂ "ಆರೋಗ್ತದೆ, ಕುಡೀರಿ" ಎಂದರು. ಓಂಕಾರೇಶ ಹಳೆಯ ಹಾಳೆಯನ್ನು ಹರಿದು ಹೊಸದರಲ್ಲಿ ಬರೆಯತೊಡಗಿದ. ತನ್ನ ಹೆಸರು, ತನ್ನ ಕೆಲಸ, ತಾನು ಮಾಡಿದ್ದು, ಮುಚ್ಚಿಟ್ಟದ್ದು. ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ಜೇಬಿನ ಚೀಟಿ ಬಿಡಿಸಿಟ್ಟ.

ಶಾಹಬಾಜ್ ಒಳಬಂದು ನಿಂತೇ ಓದಿದ. "ಒಂದು ತಪ್ಪೈತೆ" ಎಂದ. "ಕೈಗೆ ತಗೊಂಡಾಗ ಭಾರ ಅಂತ ನಂಗೆ ಅನಿಸಿತ್ತು. ನಾನೂ ಮತ್ತೆ ನೋಡ್ಲಿಲ್ಲ. ಅದನ್ನೂ ಸೇರಿಸಿ."

"ಅದು ನಿನ್ ತಪ್ಪಲ್ಲ."

"ಇದ್ದಿದ್ದು ಇದ್ದಂಗೆ ಬರೀರಿ ಅಂದೆ."

ಬರೆದ. ಪತ್ರ, ಚೀಟಿ ಎರಡರ ಫೋಟೋವನ್ನೂ ಕಂಪನಿಗೂ, ಸೆಂಟರಿನ ಮಾಲೀಕರಾದ ಡಾಕ್ಟರ್ ರುದ್ರಮೂರ್ತಿಯವರಿಗೂ ಕಳಿಸಿದ. ಬೀಳ್ಕೊಡಲು ಶಾಹಬಾಜ್ ಬರಲಿಲ್ಲ. ಹಜೀರಾಬಿ ಬಂದರು.

"ನಂಗೂ ಬೇಜಾರಾಗೈತೆ ಓಂಕಾರಪ್ಪ, ಇಲ್ಲ ಅನ್ನಲ್ಲ" ಎಂದರು. "ಅವ್ನು ಇವತ್ತು ನಿದ್ದೆ ಮಾಡ್ತಾನೆ. ಹೋಗ್ಬನ್ನಿ."

ಬಸ್ಸು ಬೀರೂರು ದಾಟುವ ಮೊದಲೇ ಫೋನ್ ಬಂತು. ಡಾಕ್ಟರು.

"ಏನ್ರೀ ಇದು ಓಂಕಾರೇಶ್? ಯಾರ್ ಬರೆಸಿದ್ದು ನಿಮ್ ಕೈಲಿ?"

"ಯಾರೂ ಇಲ್ಲ ಸಾರ್."

"ಏನು? ಕೇಳಿಸ್ತಿಲ್ಲ, ಜೋರಾಗಿ ಹೇಳ್ರೀ."

ಬಸ್ಸು ತುಂಬಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನ ಮುಖ ನೋಡಿ, ಗಾಳಿಯ ಸದ್ದು ತಗ್ಗಲೆಂದು ಕಿಟಕಿಯ ಗಾಜು ಸರಿಸಿದಳು. ಟಿಕೆಟ್ ಎನ್ನುತ್ತ ಬಂದ ಕಂಡಕ್ಟರು ಸುಮ್ಮನೆ ಮುಂದಿನ ಸೀಟಿಗೆ ಹೋದ. ಓಂಕಾರೇಶ ಎದ್ದು ನಿಂತು, ಕಂಬಿ ಹಿಡಿದುಕೊಂಡು, ಬಸ್ಸಿಗೆಲ್ಲ ಕೇಳುವಂತೆ ಹೇಳಿದ:

"ನಾನೇ ಮಾಡಿದ್ದು ಸಾರ್. ಪರೀಕ್ಷೆ ಮಾಡ್ದೆ ಸಹಿ ಹಾಕ್ದೆ. ಆಮೇಲೆ ಮುಚ್ಚಿಟ್ಟೆ. ಆ ಹುಡುಗಂದು ಏನೂ ಇಲ್ಲ."

"ನಾಳೆ ಬರುವಾಗ ಪೆಟ್ಟಿಗೆಯ ಬೀಗದ ಕೈ ತಂದು ಒಪ್ಪಿಸಿಬಿಡಿ" ಎಂದರು ಡಾಕ್ಟರು.

"ತರ್ತೀನಿ ಸಾರ್" ಎಂದ ಓಂಕಾರೇಶ.